ಕಸಿ ತೋಟದಲ್ಲಿ ಇಬ್ಬರು ಅಪ್ಪಂದಿರು

ಕಸಿ ಕಟ್ಟುವ ಕೆಲಸ ಕಲಿಯಲು ಬರುವ ಹುಡುಗರು ಮೊದಲು ಕೇಳುವುದು ಚಾಕುವಿನ ವಿಷಯ. ಯಾವ ಚಾಕು ಒಳ್ಳೆಯದು, ಹೇಗೆ ಮಸೆಯಬೇಕು, ಎಷ್ಟು ಓರೆಯಾಗಿ ಹಿಡಿಯಬೇಕು. ಚಾಕು ಆಮೇಲೆ ಬರುತ್ತದಪ್ಪಾ, ಮೊದಲು ನೀರು ಹೊರುವುದನ್ನು ಕಲಿ ಎಂದರೆ ಮುಖ ಸಪ್ಪಗೆ ಮಾಡಿಕೊಳ್ಳುತ್ತಾರೆ. ನಾನೂ ಹಾಗೇ ಮಾಡಿಕೊಂಡಿದ್ದೆ. ಈ ಟೈಪು ಹೊಡೆಯುವುದನ್ನು ಯಾರೂ ಕಲಿಸಲಿಲ್ಲ, ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ ನಾನೇ ಒಂದೊಂದು ಅಕ್ಷರ ಹುಡುಕಿ ಕಲಿತೆ. ಕಸಿ ಕಟ್ಟುವುದನ್ನೂ ಹೀಗೇ ಕಲಿತದ್ದು. ಅದಕ್ಕೇ ಬಾಯಿಗೆ ಬಂದದ್ದು ಬಂದ ಹಾಗೆ ಬೀಳುತ್ತಿದೆ, ಸಹಿಸಿಕೊಳ್ಳಿ.

ಯಾವಾಗ ಮೇಸ್ತ್ರಿಯಾದೆ, ಯಾರು ಹಾರ ಹಾಕಿದರು, ಅದೆಲ್ಲ ಬಿಟ್ಟುಬಿಡುತ್ತೇನೆ. ಗಿಡಗಳ ಜೊತೆ ಬದುಕಿದವರಿಗೆ ತಾಳ್ಮೆ ಬರುತ್ತದೆ ಎಂದು ಓದಿದವರು ಬರೆಯುತ್ತಾರೆ. ನನಗೆ ಬಂದದ್ದು ಹೊಟ್ಟೆಕಿಚ್ಚು. ಅದರ ವಿಷಯವನ್ನೇ ಹೇಳುತ್ತೇನೆ.

ನಾನು ಕೋಗಿಲಿನವನು. ಹೆಬ್ಬಾಳದ ಕೆರೆಯಿಂದ ಸ್ವಲ್ಪ ಮೇಲಕ್ಕೆ, ಬಳ್ಳಾರಿ ರಸ್ತೆಗೆ ಅಂಟಿದ ಹಾಗೆ ವೆಂಕಟಕೃಷ್ಣಯ್ಯ ಎನ್ನುವವರ ನರ್ಸರಿ ಇತ್ತು. ನಾವೆಲ್ಲ ಅವರನ್ನು ಧಣಿ ಎನ್ನುತ್ತಿದ್ದೆವು. ಐವತ್ತರ ದಶಕ ಮುಗಿಯುತ್ತಿದ್ದಾಗ ಅಲ್ಲಿಗೆ ಸೇರಿದೆ. ಸೇರಿದೆ ಎನ್ನುವುದಕ್ಕಿಂತ ನಮ್ಮಪ್ಪ ನೂಕಿದ ಎನ್ನುವುದೇ ಸರಿ. ಒಂದು ಬೆಳಿಗ್ಗೆ ಜಗಲಿಯ ಮೇಲೆ ಕೂತು ನನ್ನ ಮುಖ ನೋಡಿದ.

"ಮೀಸೆ ಬಂತು. ಇನ್ ನಿನ್ ಅನ್ನ ನೀನ್ ನೋಡ್ಕ. ನಿನ್ ಸಂಬ್ಳ ನಂಗ್ ಬ್ಯಾಡ, ನನ್ ಒಲದ್ ರಾಗಿ ನಿಂಗ್ ಬ್ಯಾಡ."

ಒಳಗಿನಿಂದ ಅವ್ವ ಕೂಗಿದಳು. "ಏನ್ ಮನ್ಸನಯ್ಯಾ ನೀನು! ನಿನ್ ಮಗ ಅಲ್ವಾ ಅವ್ನು?"

"ಮಗ ಅಂತಾನೇ ಇಲ್ಲೀಗಂಟ ಸಾಕ್ದೆ. ಸಾಯೋಗಂಟ ಸಾಕಾಕೆ ಏನಾಗೈತೆ ಅವನ್ಗೆ? ಕೈಕಾಲ್ ನೆಟ್ಗವೆ."

ನಮಗೆ ಉಣ್ಣುವಷ್ಟು ಹೊಲವಿತ್ತು, ಎತ್ತು ಕಟ್ಟಿ ನೀರೆತ್ತುವ ಕಪಿಲೆ ಬಾವಿಯಿತ್ತು. ಇಲ್ಲದ್ದಕ್ಕೆ ಕಳಿಸಿದ್ದಲ್ಲ. ಹಬ್ಬಕ್ಕೆ ಊರಿಗೆ ಹೋದರೂ ಅಪ್ಪ, "ಅಬ್ಬಕ್ಕೆ ಬಂದವ್ನು ನೆಂಟ, ಉಣ್ಣಾಕಿಕ್ಕು" ಎಂದು ಅವ್ವನಿಗೆ ಹೇಳುವನು. ಹೊರಡುವಾಗ ಒಂದು ಸೇರು ಹುರುಳಿಯನ್ನೂ ಕಟ್ಟಿ ಕೊಡಲು ಬಿಡುತ್ತಿರಲಿಲ್ಲ.

ಈಗ ಆ ಕಾಲದ ಕೆಲಸ ಹೇಗಿತ್ತು ಎಂದು ಹೇಳುತ್ತೇನೆ. ಈಗಿನವರು ನೋಡಿರುವುದಿಲ್ಲ. ಮಾವಿನ ವಾಟೆ ಬಿತ್ತಿ ನಾಟಿ ಸಸಿ ಬೆಳೆಸುವುದು. ಅದರ ಹಣ್ಣು ಹುಳಿ, ಬೇರು ಗಟ್ಟಿ. ಬಾದಾಮಿ, ರಸಪುರಿಯಂಥ ಒಳ್ಳೆಯ ಜಾತಿಯ ದೊಡ್ಡ ಮರಕ್ಕೆ ತಾಯಿಮರ ಎನ್ನುತ್ತೇವೆ. ತಾಯಿಮರದ ಸುತ್ತ ಬಿದಿರಿನ ಅಟ್ಟಣಿಗೆ ಕಟ್ಟಿ, ನಾಟಿ ಸಸಿಯ ಕುಂಡಗಳನ್ನು ಕೊಂಬೆಗಳ ಎತ್ತರಕ್ಕೆ ಏರಿಸುವುದು. ತಾಯಿಮರದ ಎಳೆಯ ಕೊಂಬೆಯ ಪಕ್ಕದಲ್ಲಿ ಒಂದಿಷ್ಟು ಹೆರೆದು, ಸಸಿಯ ಕಾಂಡದಲ್ಲೂ ಅಷ್ಟೇ ಹೆರೆದು, ಗಾಯಕ್ಕೆ ಗಾಯ ಕೂಡಿಸಿ ಬಾಳೆನಾರಿನಿಂದ ಕಟ್ಟುವುದು. ಮೇಲೆ ಸಗಣಿ ಮತ್ತು ಜೇಡಿಮಣ್ಣು. ಎರಡು ಮೂರು ತಿಂಗಳಲ್ಲಿ ಎರಡೂ ಬೆಸೆದುಕೊಳ್ಳುತ್ತವೆ. ಆಮೇಲೆ ಬೆಸುಗೆಯ ಕೆಳಗೆ ತಾಯಿಮರದ ಕೊಂಬೆಯನ್ನು ಮೊದಲು ಸ್ವಲ್ಪ ಕಚ್ಚು ಮಾಡಿ, ಕೆಲವು ದಿನ ಬಿಟ್ಟು ಇನ್ನಷ್ಟು ಕಚ್ಚು ಮಾಡಿ, ಕೊನೆಗೆ ಪೂರ್ತಿ ಕತ್ತರಿಸಿ ಬಿಡಿಸುವುದು. ಬೆಸುಗೆಯ ಮೇಲಿರುವ ನಾಟಿ ಸಸಿಯ ತಲೆಯನ್ನೂ ತೆಗೆಯುವುದು. ಕೆಳಗೆ ನಾಟಿ ಬೇರು, ಮೇಲೆ ಬಾದಾಮಿ. ಕುಂಡ ಕೆಳಗಿಳಿದರೆ ಗಿಡ ತಯಾರು.

ಅಷ್ಟು ದಿನವೂ ಅಟ್ಟಣಿಗೆಯ ಮೇಲಿನ ಪ್ರತಿಯೊಂದು ಕುಂಡಕ್ಕೆ ದಿನಾ ನೀರು ಬೇಕು. ಸೀಮೆಎಣ್ಣೆ ಡಬ್ಬದಲ್ಲಿ ಬಾವಿಯಿಂದ ಹೊತ್ತು, ಏಣಿ ಹತ್ತಿ ಹಾಕುವುದು. ಆ ಕೆಲಸ ನನ್ನದು. ಹೆಗಲು ತರಚಿ ಹೋಗುತ್ತಿತ್ತು. ಒಂದು ಸಲ ಮೂಲೆಯ ಸಾಲು ಮರೆತೆ. ಬಿಸಿಲಿಗೆ ಆ ಸಸಿಗಳು ಸುರುಟಿಕೊಂಡವು. ಕಸಿ ಮೇಸ್ತ್ರಿ ಖಾದರ್ ಸಾಬರು ಒಂದೊಂದೇ ಒಣಗಿದ ಸಸಿ ಕಿತ್ತು ನನ್ನ ಕೈಯಲ್ಲಿಟ್ಟರು.

"ತಗೋ, ಎಲ್ಲಾನೂ ಹಿಡ್ಕೋ. ಭಾರ ಐತಾ?"

"ಇಲ್ಲ ಸಾಬ್ರೇ."

"ನೀರಿಲ್ದಿದ್ರೆ ಹಿಂಗೇ. ಹಗುರ ಆಗ್ಬಿಡ್ತವೆ."

ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಖಾದರ್ ಸಾಬರು ತೆಳ್ಳನೆಯ ಮನುಷ್ಯ. ಗಡ್ಡಕ್ಕೆ ಮೆಹಂದಿ ಹಚ್ಚುತ್ತಿದ್ದರು. ನರ್ಸರಿಯ ಒಳಗೇ ಒಂದು ಹೆಂಚಿನ ಕೋಣೆಯಲ್ಲಿ ಇದ್ದರು. ಹೆಂಡತಿ ತೀರಿಕೊಂಡು ಎಷ್ಟೋ ವರ್ಷ. ಜೊತೆಗಿದ್ದವನು ಒಬ್ಬನೇ ಮಗ, ಅನ್ವರ್. ಅನ್ವರನಿಗೆ ನನ್ನದೇ ವಯಸ್ಸು. ನಾನು ಡಬ್ಬ ಹೊತ್ತು ಏಣಿ ಹತ್ತುವ ಹೊತ್ತಿಗೆ ಅವನು ಬೇವಿನ ಕಡ್ಡಿ ಕಚ್ಚಿಕೊಂಡು ಹೊರಗೆ ಬರುತ್ತಿದ್ದ. ಮಧ್ಯಾಹ್ನ ಸಾಬರು ಕೆಲಸ ಬಿಟ್ಟು ಹೋಗಿ ಒಲೆ ಹಚ್ಚಿ ಅನ್ನ ಬೇಯಿಸಿ, ಬಾಗಿಲಲ್ಲಿ ನಿಂತು ಕೂಗುವರು: "ಅನ್ವರ್! ಆರೋಗ್ತದೆ ಬಾರೋ!" ಮೀಸೆ ಬಂದು ಎಷ್ಟೋ ದಿನವಾಗಿದ್ದ ಮಗನಿಗೆ ಅನ್ನ ಆರಿಹೋಗುತ್ತದೆ ಎಂದು ಆ ಮನುಷ್ಯನಿಗೆ ಚಿಂತೆ. ನಾನು ಬಾವಿಯ ಕಟ್ಟೆಯ ಮೇಲೆ ತಣ್ಣಗಿನ ಮುದ್ದೆ ಮುರಿಯುತ್ತಾ ಅದನ್ನು ಕೇಳಬೇಕು.

ಅನ್ವರ್ ಏನೂ ಮಾಡಲಿಲ್ಲ ಎನ್ನುವ ಹಾಗಿಲ್ಲ. ಯಶವಂತಪುರದಲ್ಲಿ ಬಾಡಿಗೆ ಸೈಕಲ್ ಅಂಗಡಿ ಇಟ್ಟ. ಗುರುತಿನವರಿಗೆಲ್ಲ ಬಿಟ್ಟಿ ಸೈಕಲ್ ಕೊಟ್ಟು ಮುಚ್ಚಿದ. ಆಮೇಲೆ ಜಟಕಾದಲ್ಲಿ ಪಾಲು ಹಾಕಿದ. ಕುದುರೆ ಹೊಟ್ಟೆಶೂಲೆ ಬಂದು ಸತ್ತುಹೋಯಿತು. ಅದಾದ ಮೇಲೆ ಐಸ್‌ಕ್ಯಾಂಡಿ ಡಬ್ಬ ಹೊತ್ತ. ಆ ವರ್ಷವೇ ಮಳೆ ಜಾಸ್ತಿ. ಪ್ರತಿ ಸಲವೂ ಬಂಡವಾಳ ಸಾಬರದು. ಮೊದಲು ಹೆಂಡತಿಯ ಬಳೆ ಹೋಯಿತು, ಆಮೇಲೆ ಕಾಲುಗೆಜ್ಜೆ. ತೋಟದ ಹೆಂಗಸರು, "ಸಾಬ್ರೇ, ಇನ್ ನಿಮ್ ಗಡ್ಡ ಒಂದೇ ಬಾಕಿ ಮಾರಕ್ಕೆ" ಎಂದು ಹಾಸ್ಯ ಮಾಡುತ್ತಿದ್ದರು. ಸಾಬರು ನಕ್ಕು ಗಡ್ಡ ಸವರಿಕೊಳ್ಳುವರು. "ಹೆತ್ತ ಮೇಲೆ ಮುಗೀತಾ ತಾಯಿ? ಹೆತ್ತಾಗ ಶುರು."

ಕೆಟ್ಟದ್ದೇನೆಂದರೆ ಅನ್ವರ್ ಒಳ್ಳೆಯವನು. ಸೋಮಾರಿ, ಆದರೆ ಕೆಡುಕಿಲ್ಲ. ಯಶವಂತಪುರದಿಂದ ಬರುವಾಗ ಕಾಗದದ ಪೊಟ್ಟಣದಲ್ಲಿ ಬಿಸ್ಕತ್ತು ತಂದು, "ತಿನ್ನು ಮುನಿರಾಜ, ಎಲುಬು ಕಾಣ್ತಾವೆ ನಿಂಗೆ" ಎಂದು ಕೊಡುವನು. ಅವರಪ್ಪ ಕೊಟ್ಟ ಕಾಸಿನ ಬಿಸ್ಕತ್ತು. ತಿನ್ನದೆ ಬಿಡುತ್ತಿರಲಿಲ್ಲ, ತಿಂದರೆ ಇಳಿಯುತ್ತಿರಲಿಲ್ಲ.

ಸಾಬರು ಕೆಲಸವನ್ನು ಕರೆದು ಕಲಿಸುವವರಲ್ಲ. ಅವರು ಕಟ್ಟುವಾಗ ನಾನು ನೀರು ಹಾಕುವ ನೆಪದಲ್ಲಿ ಅಟ್ಟಣಿಗೆಯ ಮೇಲೆ ನಿಂತುಬಿಡುತ್ತಿದ್ದೆ. ನೋಡಿದ್ದನ್ನು ಸಂಜೆ ಬೇಲಿಯ ಹೊಂಗೆ ಕಡ್ಡಿಗಳ ಮೇಲೆ ಮಾಡಿ ನೋಡುವುದು. ಮೊದಮೊದಲು ನಾರು ಎಷ್ಟು ಬಿಗಿ ಕಟ್ಟುತ್ತಿದ್ದೆನೆಂದರೆ ಕಾಂಡಕ್ಕೆ ಉಸಿರುಗಟ್ಟಿ ಗಂಟು ಬೀಳುತ್ತಿತ್ತು. ಸಡಿಲ ಕಟ್ಟಿದರೆ ಬೆಸೆಯುತ್ತಿರಲಿಲ್ಲ. ಒಂದು ಮಳೆಗಾಲ ಪೂರ್ತಿ ಬೇಲಿಯನ್ನು ಹಾಳುಮಾಡಿದ ಮೇಲೆ ಹದ ಸಿಕ್ಕಿತು. ಹುಚ್ಚು ಹಿಡಿದವನ ಹಾಗೆ ಕಂಡ ಕಂಡದ್ದಕ್ಕೆಲ್ಲ ಕಸಿ ಕಟ್ಟಿದೆ. ಸಾಬರು ಬೇಲಿ ನೋಡಿ, "ಇದ್ಯಾರೋ, ಬೇಲಿಗೆಲ್ಲ ಬ್ಯಾಂಡೇಜ್ ಹಾಕಿರೋ ಡಾಕ್ಟ್ರು?" ಎಂದರು. ಆದರೂ ಆಮೇಲೆ ಕಡೆಯ ಸಾಲು ಕಟ್ಟುವ ಕೆಲಸವನ್ನು ನನಗೇ ಬಿಟ್ಟರು. ಅದೇ ನನಗೆ ಸಿಕ್ಕ ಪಾಠ, ಅದೇ ಬಹುಮಾನ.

ಬಿದ್ದುಹೋಗಿದ್ದ ಒಂದು ಕಸಿ ಗಿಡವನ್ನು ಕೇಳಿ ತಂದು ತೋಟದ ಮೂಲೆಯಲ್ಲಿ ನಾನು ಮಲಗುತ್ತಿದ್ದ ಗುಡಿಸಲ ಪಕ್ಕ ನೆಟ್ಟೆ. ಅದು ಬುಡದಿಂದ ಭರ್ಜರಿ ಚಿಗುರು ಹೊಡೆಯಿತು. ಸಗಣಿ ನೀರು ಹಾಕಿ ಹಾಕಿ ಬೆಳೆಸಿ, ಒಂದು ದಿನ ಸಾಬರನ್ನು ಕರೆದು ತೋರಿಸಿದೆ. ಅವರು ಬಗ್ಗಿ ನೋಡಿ ಬಿದ್ದು ಬಿದ್ದು ನಕ್ಕರು.

"ಅರೇ, ಇದು ನಾಟಿ ಚಿಗುರು ಕಣೋ! ಮೇಲಿನ ಬಾದಾಮಿ ಯಾವಾಗೋ ಸತ್ತೋಗೈತೆ. ಮಗನ್ನ ಬಿಟ್ಟು ಆಳನ್ನ ಸಾಕಿದೀಯಲ್ಲೋ!"

ಜೊತೆಗಿದ್ದ ಅನ್ವರನೂ ನಕ್ಕ. ನಾನೂ ನಕ್ಕೆ. ರಾತ್ರಿ ಮಲಗಿದಾಗ ಆ ಮಾತು ಕುಟುಕಿತು. ಬೇರು ಕೊಡುವವನು ಆಳು, ಮೇಲೆ ಕೂತವನು ಮಗ. ಬೆಳಿಗ್ಗೆ ಎದ್ದು ಆ ಚಿಗುರನ್ನು ಬುಡಸಮೇತ ಕಿತ್ತು ಎಸೆದೆ.

ಹೀಗಿರುವಾಗ ಒಂದು ದಿನ ಅಪ್ಪ ನರ್ಸರಿಗೆ ಬಂದ. ನನ್ನನ್ನು ನೋಡಲು ಅಲ್ಲ, ತಿಪ್ಪೆಗೊಬ್ಬರ ಮಾರಲು. ಗಾಡಿ ಖಾಲಿ ಮಾಡಿ, ವಲ್ಲಿಯಲ್ಲಿ ಮುಖ ಒರೆಸಿಕೊಂಡು, ತಾಯಿಮರದ ಕೆಳಗೆ ನಿಂತು ಮೇಲೆ ನೇತಾಡುವ ಕುಂಡಗಳನ್ನು ನೋಡಿದ. ಸಾಬರು ಅಟ್ಟಣಿಗೆಯ ಮೇಲಿದ್ದರು.

"ಏನ್ ಸಾಬ್ರೇ, ಮಕ್ಳನ್ನೆಲ್ಲಾ ತಾಯ್ ಕೊರಳ್ಗೆ ಕಟ್ಟಾಕಿದ್ದೀರಿ. ಬುಡಿಸೋದ್ ಯಾವಾಗ?"

"ಟೈಮ್ ಬರ್ಬೇಕು ಗೌಡ್ರೇ. ಬೇಗ ಕುಯ್ದ್ರೆ ಒಣಗ್ತದೆ."

"ಕುಯ್ಯದೇ ಬುಟ್ರೆ?"

"ಬಿಟ್ರೆ ಏನಾಗತ್ತೆ, ಇರ್ತದೆ. ತಾಯಿಗೆ ಮಗು ಭಾರಾನಾ?"

"ಕುಂಡ ಕೆಳಕ್ಕಿಳಿಯಾಕಿಲ್ವಲ್ಲ ಸಾಬ್ರೇ! ಕುಂಡ ಇಳೀದಿದ್ ಮ್ಯಾಕೆ ಅದು ಗಿಡ ಎಂಗಾದಾತು? ಕೊಂಬೆ."

ಗೊಬ್ಬರ ಎಳೆಯುತ್ತಿದ್ದವರೆಲ್ಲ ಗೊಳ್ಳೆಂದರು. ಯಾರ ವಿಷಯ ಎನ್ನುವುದು ಎಲ್ಲರಿಗೂ ಗೊತ್ತು. ಅನ್ವರ್ ಕೋಣೆಯ ಮುಂದೆ ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ. ಸಾಬರು ಮುನಿಸಿಕೊಳ್ಳಲಿಲ್ಲ. ಚಾಕುವಿನ ತುದಿಯಿಂದ ನನ್ನನ್ನು ತೋರಿಸಿದರು.

"ನೀವು ನಿಮ್ಮೋನನ್ನ ಬೇಗ ಕುಯ್ದ್ರಲ್ಲ. ನೋಡಿ, ಹೆಂಗ್ ಒಣಗಿದಾನೆ!"

ಅಪ್ಪ ತಿರುಗಿ ನನ್ನನ್ನು ಕಾಲಿನಿಂದ ತಲೆಯವರೆಗೆ ಕರು ಕೊಳ್ಳುವವನ ಹಾಗೆ ನೋಡಿದ.

"ಒಣಗಿಲ್ಲ. ಗಟ್ಟಿಯಾಗವ್ನೆ."

ಅಷ್ಟೇ. ಗಾಡಿ ಹತ್ತಿ ಹೊರಟುಬಿಟ್ಟ. ಆ ಎರಡು ಮಾತನ್ನು ಹೊಗಳಿಕೆ ಎಂದು ತಿಳಿದುಕೊಳ್ಳಲು ತುಂಬ ಪ್ರಯತ್ನಪಟ್ಟೆ.

ಅರವತ್ತರ ದಶಕ ಶುರುವಾದ ಮೇಲೆ ಕೆಲಸದ ರೀತಿ ಬದಲಾಯಿತು. ಧಣಿಗಳ ಅಳಿಯ ಕೃಷಿ ಓದಿ ಬಂದಿದ್ದರು. ಅವರು ಬಾದಾಮಿಯ ಕಡ್ಡಿಯನ್ನು ಮರದಿಂದ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು, ನೆಲದಲ್ಲೇ ಇದ್ದ ನಾಟಿ ಸಸಿಗೆ ಕೂಡಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತಿದರು. ಅಟ್ಟಣಿಗೆ ಬೇಡ, ಏಣಿ ಬೇಡ. ಸಾಬರು ಪಕ್ಕದಲ್ಲಿ ನಿಂತು ಪೇಚಾಡಿದರು.

"ತಾಯಿಂದ ಕಿತ್ಕೊಂಡ್ ಬಂದ್ರೆ ಬದ್ಕತ್ತಾ ಸ್ವಾಮಿ? ಹಾಲು ಕುಡಿಯೋ ಕೂಸು ಅದು."

"ನೋಡೋಣ ಸಾಬ್ರೇ. ಸತ್ರೆ ನಂದೇ ತಪ್ಪು" ಎಂದರು ಅಳಿಯಂದಿರು.

ಕೆಲವು ಸತ್ತವು, ಬಹಳಷ್ಟು ಬದುಕಿದವು. ಹೊಸ ಚಿಗುರು ಒಡೆದ ದಿನ ನನಗಾದ ಸಂತೋಷ ಗಿಡಕ್ಕಾಗಿ ಅಲ್ಲ. ನಮ್ಮಪ್ಪನ ಕಡೆಗೆ ಗೆಲುವಾಯಿತು ಎನ್ನುವ ಸಂತೋಷ. ಓಡಿಹೋಗಿ ಸಾಬರಿಗೆ ಹೇಳಿದವನೂ ನಾನೇ. ಅವರು ಹೊಸ ಚಿಗುರನ್ನು ಬೆರಳಿನಲ್ಲಿ ಮುಟ್ಟಿ ನೋಡಿ, "ಹೂಂ, ಬದುಕಿದೆ" ಎಂದರು. ಆವತ್ತು ಸಂಜೆ ಅನ್ವರನನ್ನು ಕರೆದು ಅಟ್ಟಣಿಗೆ ಹತ್ತಿಸಿದರು. ಹಳೆಯ ರೀತಿ ಮುಗಿಯುವ ಮೊದಲು ಮಗನ ಕೈಗೆ ಒಂದು ಕಸುಬು ಕೊಟ್ಟುಬಿಡಬೇಕು, ತನ್ನ ಜಾಗದಲ್ಲಿ ಅವನನ್ನು ಕೂರಿಸಬೇಕು ಎಂದು ಅವರಿಗೆ ಅವಸರ.

ಅವನಿಗೆ ಹೇಗೆ ಕಲಿಸಿದರು ಗೊತ್ತೇ? ಹಿಂದೆ ನಿಂತು, ಅವನ ಮುಷ್ಟಿಯನ್ನು ತಮ್ಮ ಮುಷ್ಟಿಯೊಳಗೆ ಹಿಡಿದು, ಚಾಕು ಎಳೆಸಿದರು. "ಹಿಂಗೆ... ಮೆಲ್ಲಗೆ... ಹಾಂ, ಶಾಭಾಷ್ ಬೇಟಾ!" ಅವನು ಹೆರೆದದ್ದು ಇಲಿ ಕಚ್ಚಿದ ಹಾಗಿತ್ತು. ನಾನು ಡಬ್ಬ ಹಿಡಿದು ಕೆಳಗೆ ನಿಂತಿದ್ದೆ. ನನ್ನ ಬೆರಳಿನ ಗಾಯಗಳನ್ನೆಲ್ಲ ನಾನೇ ಕಟ್ಟಿಕೊಂಡವನು. ಆವತ್ತು ಎದೆಯಲ್ಲಿ ಹತ್ತಿದ್ದು ಆರಲೇ ಇಲ್ಲ.

ಆ ವರ್ಷ ದೇವನಹಳ್ಳಿ ಕಡೆಯ ಜಮೀನುದಾರರೊಬ್ಬರು ಹೊಸ ತೋಟಕ್ಕೆಂದು ಬಾದಾಮಿ ಗಿಡಗಳನ್ನು ಹೇಳಿದ್ದರು. ಅವರಿಗೆ ಹಳೆಯ ರೀತಿಯ ಕಸಿಯೇ ಬೇಕು. ದೊಡ್ಡ ತಾಯಿಮರದ ಒಂದು ಕಡೆಯ ಕುಂಡಗಳೆಲ್ಲ ಅವರಿಗೇ ಎಂದು ಇಟ್ಟಿದ್ದೆವು. ಕಚ್ಚು ಹಾಕಿ ಆಗಿತ್ತು, ಕೊನೆಯ ಕೊಯ್ತ ಬಾಕಿ. ಸಾಬರು ಶುಕ್ರವಾರದ ನಮಾಜಿಗೆ ಹೊರಡುತ್ತಾ ಅನ್ವರನಿಗೆ, "ನಾನು ಬರೋವರ್ಗೂ ಮುಟ್ಬೇಡ" ಎಂದು ಹೇಳಿ ಹೋದರು. ನಾನು ಪಕ್ಕದ ಸಾಲಿಗೆ ನೀರು ಹಾಕುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅನ್ವರ್ ಸಿಳ್ಳೆ ಹಾಕುತ್ತಾ ಏಣಿ ಹತ್ತಿದ.

"ಏನೋ, ಮುಟ್ಬೇಡ ಅಂದ್ರಲ್ಲ?" ಎಂದೆ.

"ಅಬ್ಬಾ ಬರೋಷ್ಟ್ರಲ್ಲಿ ಎಲ್ಲಾ ಮುಗಿಸಿಟ್ಟಿರ್ತೀನಿ ನೋಡು. ಒಂದ್ಸಲನಾದ್ರೂ ಖುಷಿಯಾಗ್ಲಿ ಮುದುಕನ್ಗೆ."

ನಾನು ಡಬ್ಬ ಎತ್ತಿಕೊಂಡು ನನ್ನ ಸಾಲಿಗೆ ನೀರು ಹಾಕುತ್ತಾ ಹೋದೆ. ಅವನು ಒಂದೊಂದೇ ಕುಂಡದ ಮುಂದೆ ಕೂತು ಕತ್ತರಿಸುತ್ತಾ ಹೋದ. ಕೆಳಗಿನಿಂದ ನೋಡಿದರೆ ಎಲ್ಲ ಹಸಿರಾಗಿಯೇ ಕಾಣುತ್ತಿತ್ತು.

ಸಾಬರು ಬರುವ ಹೊತ್ತಿಗೆ ಜಮೀನುದಾರರ ಗಾಡಿ ಬಂದಿತ್ತು, ಧಣಿಗಳೂ ಮರದ ಕೆಳಗೆ ಬಂದು ನಿಂತಿದ್ದರು. ಮೊದಲ ಕುಂಡ ಇಳಿಸಿದರು. ಅದರಲ್ಲಿ ಒಂದು ಮೋಟು ಮಾತ್ರ ಇತ್ತು, ಎಲೆಯೇ ಇಲ್ಲ. ಎರಡನೆಯದೂ ಮೋಟು. ಎಲ್ಲವೂ ಮೋಟು.

ಅನ್ವರ್ ಎರಡೂ ಕೊಯ್ತಗಳನ್ನು ಅದಲುಬದಲು ಮಾಡಿದ್ದ. ಬೆಸುಗೆಯ ಕೆಳಗೆ ತಾಯಿಯ ಕೊಂಬೆಯನ್ನು ಕತ್ತರಿಸುವ ಬದಲು ನಾಟಿ ಸಸಿಯ ಬುಡ ಕತ್ತರಿಸಿದ್ದ. ಮೇಲೆ ನಾಟಿಯ ತಲೆ ತೆಗೆಯುವ ಬದಲು ಬಾದಾಮಿಯ ತುದಿ ತೆಗೆದಿದ್ದ. ಬೇರು ಕುಂಡದಲ್ಲಿ ಮೋಟಾಗಿ ಉಳಿದಿತ್ತು. ನಾಟಿ ತಲೆಗಳೆಲ್ಲ ತಾಯಿಮರದ ಮೈಗೆ ಅಂಟಿಕೊಂಡು ಹಸಿರಾಗಿ ನಗುತ್ತಿದ್ದವು.

ಧಣಿಗಳ ಮುಖ ಕೆಂಪಾಯಿತು. "ಯಾರಯ್ಯಾ ಇದನ್ನ ಕುಯ್ದಿದ್ದು?"

ಸಾಬರು ಮೋಟುಗಳನ್ನು ನೋಡಿದರು. ಮಗನನ್ನು ನೋಡಿದರು. ಅನ್ವರ್ ಚಾಕುವನ್ನು ಬೆನ್ನ ಹಿಂದೆ ಹಿಡಿದುಕೊಂಡ.

"ನಾನೇ ಧಣಿ. ಕಣ್ಣು ಮಂಜಾಗ್ತಾ ಐತೆ. ಬೆಳಗ್ಗೆ ಕುಯ್ದೆ, ಗೊತ್ತಾಗ್ಲಿಲ್ಲ."

ನನಗೆ ನ್ಯಾಯದ ಮೇಲಿನ ಪ್ರೀತಿ ಉಕ್ಕಿತು ಎಂದು ತಿಳಿಯಬೇಡಿ. ಒಬ್ಬ ಅಪ್ಪ ಅಷ್ಟು ಸಲೀಸಾಗಿ ಮಗನ ತಪ್ಪನ್ನು ತನ್ನ ತಲೆಯ ಮೇಲೆ ಎಳೆದುಕೊಂಡದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಇಲ್ಲ ಧಣಿ! ಅನ್ವರ್ ಕುಯ್ದಿದ್ದು. ಈಗಷ್ಟೇ. ನಾನೇ ನೋಡ್ದೆ."

ಧಣಿಗಳು ಸಾಬರ ಕಡೆ ತಿರುಗಿದರು. "ಏನ್ ಸಾಬ್ರೇ, ಹುಡ್ಗ ಏನೋ ಹೇಳ್ತಿದಾನಲ್ಲ?"

ಸಾಬರು ನನ್ನ ಮುಖ ನೋಡಲಿಲ್ಲ. "ಸುಳ್ಳು ಹೇಳ್ತಾನೆ ಧಣಿ. ಅವನಿಗೆ ನನ್ ಜಾಗದ್ ಮೇಲೆ ಕಣ್ಣು."

ಎಲ್ಲರೂ ನನ್ನನ್ನು ನೋಡಿದರು. ಜಾಗದ ಮೇಲೆ ಕಣ್ಣಿದ್ದದ್ದು ನಿಜ. ಸುಳ್ಳು ಹೇಳಿದ್ದು ಮಾತ್ರ ನಿಜವಲ್ಲ. ಆದರೆ ನನ್ನ ಪರ ಬಾಯಿ ಬಿಡುವವರು ಅಲ್ಲಿ ಯಾರಿದ್ದರು? ಅನ್ವರ್ ನೆಲ ನೋಡುತ್ತಿದ್ದ. ಧಣಿಗಳು, "ನಾಳೆಯಿಂದ ನೀನು ಬರ್ಬೇಡ. ಮೇಸ್ತ್ರಿ ಮೇಲೇ ಚಾಡಿ ಹೇಳೋವ್ನು ನಂಗೆ ಬೇಡ" ಎಂದರು. ಸಾಬರ ಕೂಲಿಯಲ್ಲಿ ನಷ್ಟ ಮುರಿದುಕೊಳ್ಳುವುದೆಂದೂ ಆಯಿತು.

ಸಂಜೆ ಕೋಗಿಲಿಗೆ ಹೋದೆ. ಅಪ್ಪ ಎತ್ತಿಗೆ ಹುಲ್ಲು ಹಾಕುತ್ತಿದ್ದ. ಎಲ್ಲ ಹೇಳಿದೆ. ಹೇಳಿ, ಕೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡದ್ದನ್ನೂ ಕೇಳಿದೆ.

"ನಾನ್ ಅಂಗೆ ತಪ್ ಕುಯ್ದಿದ್ರೆ, ನೀನ್ ನನ್ ತಪ್ನ ನಿನ್ ಮ್ಯಾಲಾಕ್ಕೊಂತಿದ್ಯಾ?"

"ನೀನ್ ಯಾಕ್ ಅಂಗ್ ಕುಯ್ತೀಯ?"

"ಕುಯ್ದಿದ್ರೆ ಅಂದೆ."

"ಕುಯ್ದಿದ್ರೆ ನೀನೇ ಒಪ್ಕಂತಿದ್ದೆ. ಇನ್ ನಡ್ವೆ ನಾನ್ಯಾಕೆ?" ಎಂದು ಹುಲ್ಲು ಕೊಡವಿದ. "ಇವತ್ ಉಣ್ಣು. ನಾಳೀಕ್ ಬ್ಯಾರೆ ಕಡೆ ನೋಡ್ಕ. ಪುಟ್ಟೇನಳ್ಳಿ ತಾವ ಇಟ್ಟಿಗೆ ಗೂಡಿಗೆ ಜನ ಬೇಕಂತೆ."

ಹೊಟ್ಟೆತುಂಬ ಉಂಡೆ, ಅಪ್ಪನ ಮೇಲಿನ ಸಿಟ್ಟಿಗೇ ಎರಡು ಮುದ್ದೆ ಹೆಚ್ಚು ಉಂಡೆ. ಬೆಳಿಗ್ಗೆ ಎದ್ದಾಗ ಅಪ್ಪ ಇರಲಿಲ್ಲ. ಅವ್ವ ಮುಸುರೆ ತಿಕ್ಕುತ್ತಾ ಹೇಳಿದಳು: "ಎಬ್ಬಾಳಕ್ಕೋದ್ರು. ಯಾಕೆ ಅಂತ ಕೇಳಿದ್ಕೆ ಬೈದ್ರು."

ನಾನು ಓಡಿದೆ. ಜಕ್ಕೂರು ದಾಟಿ, ಬ್ಯಾಟರಾಯನಪುರ ದಾಟಿ, ನರ್ಸರಿಯ ಗೇಟು ಮುಟ್ಟಿದಾಗ ಅಪ್ಪ ಆಗಲೇ ತಾಯಿಮರದ ಕೆಳಗೆ ನಿಂತಿದ್ದ. ಎದುರಿಗೆ ಸಾಬರು. ಅನ್ವರ್ ಕೋಣೆಯ ಹೊಸ್ತಿಲಲ್ಲಿ. ಕೆಲಸದವರು ಗುದ್ದಲಿ ಹಿಡಿದು ದೂರ ನಿಂತಿದ್ದರು. ಹೊಡೆದಾಟವಾಗುತ್ತದೆ ಎಂದು ಎಲ್ಲರಿಗೂ ಭಯ. ಅಪ್ಪನ ದನಿ ಮಾತ್ರ ಗೊಬ್ಬರದ ವ್ಯಾಪಾರ ಮಾಡುವಾಗಿನಂತೆಯೇ ಇತ್ತು.

"ಸಾಬ್ರೇ, ನಿಮ್ ಮಗನ್ನ ಜೀವ ಇರೋಗಂಟ ಸಾಕ್ರಿ. ಅದು ನಿಮ್ ಪಾಡು, ನಾನ್ ಕೇಳಾಕಿಲ್ಲ. ನಾನು ನನ್ ಮಗನ್ಗೆ ಏನೂ ಕೊಟ್ಟಿಲ್ಲ. ಒಲ ಕೊಟ್ಟಿಲ್ಲ, ಕಾಸ್ ಕೊಟ್ಟಿಲ್ಲ. ಸುಳ್ ಯೋಳ್ಬ್ಯಾಡ ಅಂತ ಒಡ್ದು ಬಡ್ದು ಕಲ್ಸಿವ್ನಿ, ಅಷ್ಟೇ. ಅದನ್ನೂ ನೀವ್ ಕಿತ್ಕಂಡ್ರೆ ಅವನ್ ತಾವ ಇನ್ನೇನೈತೆ?"

ಸಾಬರು ಗಡ್ಡ ಹಿಡಿದುಕೊಂಡು ನಿಂತರು. ಆಮೇಲೆ ಚಪ್ಪಲಿಯನ್ನೂ ಮೆಟ್ಟದೆ ಧಣಿಗಳ ಜಗಲಿಗೆ ನಡೆದರು. ನಾವು ಹಿಂದೆ ಹೋದೆವು.

"ಧಣಿ, ನಿನ್ನೆ ಆ ಹುಡ್ಗ ಹೇಳಿದ್ದು ನಿಜ. ಸುಳ್ಳು ನಂದು."

ಧಣಿಗಳು ಕನ್ನಡಕ ತೆಗೆದರು. "ಈ ವಯಸ್ಸಲ್ಲಿ ಇದೆಲ್ಲಾ ಯಾಕೆ ಸಾಬ್ರೇ? ಸರಿ, ಮುನಿರಾಜ ಕೆಲ್ಸಕ್ಕೆ ಬರ್ಲಿ. ನಿಮ್ ಮಗನ್ನ ಮಾತ್ರ ಇವತ್ತೇ ಕಳಿಸ್ಬಿಡಿ. ನೀವಿರಿ, ನಿಮ್ಮಂಥ ಕೈ ನಂಗೆ ಸಿಗಲ್ಲ."

"ಅವನೊಬ್ಬನ್ನೇ ಎಲ್ಲಿಗ್ ಕಳಿಸ್ಲಿ ಧಣಿ?"

"ಎಲ್ಲಾದ್ರೂ ದುಡೀತಾನೆ. ಕೂಸೇನಯ್ಯಾ ಅವನು?"

"ನಿಮಗಲ್ಲ" ಎಂದರು ಸಾಬರು. ಸೊಂಟದ ಚೀಲದಿಂದ ಕೋಣೆಯ ಬೀಗದ ಕೈ ತೆಗೆದು ಜಗಲಿಯ ಮೇಲಿಟ್ಟು ಸಲಾಂ ಮಾಡಿದರು.

ನನ್ನ ಹತ್ತಿರ ಬಂದಾಗ ನಿಂತರು. ಏನಾದರೂ ಹೇಳುತ್ತಾರೆ, ಹೇಳಲಿ ಎಂದು ಕಾದೆ.

"ಕಡೇ ಸಾಲಿನ್ ನಾರು ಸಡಿಲ ಮಾಡು ಇವತ್ತು. ಬಿಗಿಯಾಗೈತೆ" ಎಂದು ಹೇಳಿ ಕೋಣೆಗೆ ಹೋದರು.

ಅಪ್ಪ ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡ. ಗೇಟಿನವರೆಗೂ ಹಿಂದೆ ಹೋದೆ. ನನಗಾಗಿ ಅಷ್ಟು ದೂರ ನಡೆದು ಬಂದವನು. ಏನಾದರೂ ಮಾತಾಡಬೇಕು, ಕೈಯನ್ನಾದರೂ ಹಿಡಿಯಬೇಕು ಎಂದು ಆಸೆ.

"ಅಪ್ಪಾ, ಉಂಡ್ಕಂಡ್ ಓಗು. ಅಂಗ್ಡೀಲಿ ದೋಸೆ ಕೊಡುಸ್ತೀನಿ."

"ನಿನ್ ಕಾಸ್ ನಿಂಗಿರ್ಲಿ. ಓಗ್ ನೀರಾಕು, ಬಿಸ್ಲು ಏರ್ತೈತೆ" ಎಂದು ಊರಿನ ದಾರಿಗೆ, ಯಲಹಂಕದ ಕಡೆಗೆ ತಿರುಗಿದ. ತಿರುಗಿದವನು ಮತ್ತೆ ಹಿಂದೆ ನೋಡಲಿಲ್ಲ.

ತಂದೆ ತಾಯಿ ಮಕ್ಕಳನ್ನು ಎಷ್ಟು ವರ್ಷ ಸಾಕಬೇಕು ಎಂದು ಮನೆಯಲ್ಲಿ ಈಗ ನನ್ನನ್ನೂ ಕೇಳುತ್ತಾರೆ. ನನಗೂ ಮಕ್ಕಳಿದ್ದಾರೆ, ಅವರ ಕೈಗೆ ಒಂದು ಸಲ ದುಡ್ಡು ಕೊಟ್ಟಿದ್ದೇನೆ, ಇನ್ನೊಂದು ಸಲ ಕೈ ಹಿಂದೆಗೆದಿದ್ದೇನೆ. ಎರಡು ಸಲವೂ ಸರಿ ಮಾಡಿದೆ ಎಂದು ಧೈರ್ಯವಾಗಿ ಹೇಳಲಾರೆ. ನಮ್ಮಪ್ಪ ಮಾಡಿದ್ದೇ ಸರಿ ಎಂದು ಲೆಕ್ಕ ಹಾಕಿ ನೋಡಿದರೆ ತಿಳಿಯುತ್ತದೆ. ನಾನು ಕಸುಬು ಕಲಿತೆ, ಮನೆ ಕಟ್ಟಿದೆ, ಯಾರ ಮುಂದೆಯೂ ಕೈ ಒಡ್ಡಲಿಲ್ಲ. ಲೆಕ್ಕ ಒಪ್ಪಿಕೊಳ್ಳುತ್ತದೆ. ಹೊಟ್ಟೆ ಒಪ್ಪಿಕೊಳ್ಳುವುದಿಲ್ಲ.

ಯಾಕೆಂದರೆ ಅದೇ ದಿನ ಮಧ್ಯಾಹ್ನ, ನಾನು ಅಟ್ಟಣಿಗೆಯ ಮೇಲೆ ಕೂತು ಕಡೆಯ ಸಾಲಿನ ನಾರು ಸಡಿಲಿಸುತ್ತಿದ್ದಾಗ, ಅವರಿಬ್ಬರೂ ಹೊರಟರು. ಅಲ್ಲಿಂದ ಗೇಟು, ಗೇಟಿನಾಚೆಯ ರಸ್ತೆ ಎಲ್ಲ ಕಾಣುತ್ತಿತ್ತು. ಸಾಬರ ತಲೆಯ ಮೇಲೆ ತಗಡಿನ ಟ್ರಂಕು, ಅದರ ಮೇಲೆ ಹಾಸಿಗೆ ಸುರುಳಿ, ಕೈಯಲ್ಲಿ ಪಾತ್ರೆಯ ಗಂಟು. ಹಿಂದೆ ಅನ್ವರ್, ಕೈಯಲ್ಲಿ ಒಂದು ಲಾಟೀನು ಬಿಟ್ಟರೆ ಏನೂ ಇಲ್ಲ. ಬಿಸಿಲು ಸುಡುತ್ತಿತ್ತು. ರಸ್ತೆ ಸೇರುವ ಜಾಗದಲ್ಲಿ ಅನ್ವರ್ ನಿಂತು ತೋಳಿನಿಂದ ಹಣೆ ಒರೆಸಿಕೊಂಡ. ಸಾಬರೂ ನಿಂತರು. ತಲೆಯ ಮೇಲಿನ ಹೊರೆಯ ಸಮೇತ ಇಡೀ ಮೈಯನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿದರು.

"ಸುಸ್ತಾಯ್ತಾ ಮಗಾ? ಕೂತ್ಕೊಂತೀಯಾ ಸ್ವಲ್ಪ?"

ಹೊರೆ ಹೊತ್ತವನು ಬರಿಗೈಯವನನ್ನು ಕೇಳಿದ್ದು. ಅನ್ವರ್ ಬೇಡವೆಂದು ತಲೆಯಾಡಿಸಿದ, ಇಬ್ಬರೂ ನಡೆದರು. ನಾನು ರಸ್ತೆಯ ಇನ್ನೊಂದು ಕಡೆ ನೋಡಿದೆ. ಕೋಗಿಲಿನ ಕಡೆಗೆ ಹೋಗುವ ದಾರಿಯಲ್ಲಿ ಯಾರೂ ಇರಲಿಲ್ಲ.